ಡ್ರ್ಯಾಗ್ ರೇಸ್ ಬೈಕುಗಳ ಬ್ರೇಕ್ ಮತ್ತು ಸುರಕ್ಷತಾ ತಪಾಸಣೆ: ಯುವಕರು ತಿಳಿದಿರಬೇಕಾದ ಸಂಗತಿಗಳು

ಮೊಬೈಲ್ ತೆರೆದರೆ ಸಾಕು, ಡ್ರ್ಯಾಗ್ ರೇಸಿನ ರೀಲ್ಸ್ ಒಂದರ ಹಿಂದೆ ಒಂದು ಬರುತ್ತವೆ. ಹಸಿರು ದೀಪ ಹೊತ್ತಿಕೊಳ್ಳುತ್ತದೆ, ಬೈಕ್ ಬಾಣದಂತೆ ಚಿಮ್ಮುತ್ತದೆ, ಏಳೆಂಟು ಸೆಕೆಂಡಿನಲ್ಲಿ ಎಲ್ಲ ಮುಗಿಯುತ್ತದೆ. ವಿಡಿಯೋ ಅಲ್ಲಿಗೆ ನಿಲ್ಲುತ್ತದೆ. ಆದರೆ ಬೈಕ್ ಅಲ್ಲಿ ನಿಂತಿರುವುದಿಲ್ಲ. ಗೆರೆ ದಾಟುವಾಗ ಅದು ತನ್ನ ಅತಿ ಹೆಚ್ಚಿನ ವೇಗದಲ್ಲಿರುತ್ತದೆ. ಆಮೇಲೆ ಅದನ್ನು ನಿಲ್ಲಿಸುವುದು ಹೇಗೆ? ನಿಲ್ಲಿಸಲು ಎಷ್ಟು ಜಾಗ ಬೇಕು? ಈ ಬೈಕ್ ನಿಲ್ಲುತ್ತದೆ ಎಂದು ರೇಸಿಗೆ ಮೊದಲೇ ಪರೀಕ್ಷೆ ಮಾಡುವವರು ಯಾರು? ಇದನ್ನು ಯಾವ ರೀಲ್ಸೂ ತೋರಿಸುವುದಿಲ್ಲ.

ಬೈಕ್ ಮೇಲೆ ಪ್ರೀತಿ ಇರುವ ನಮ್ಮ ಹುಡುಗರು ತಿಳಿದಿರಬೇಕಾದ್ದು ಮುಖ್ಯವಾಗಿ ಇದನ್ನೇ. ನಿಲ್ಲಬಲ್ಲೆ ಎಂದು ತೋರಿಸಿಕೊಡದ ಬೈಕಿಗೆ ಅಸಲಿ ರೇಸಿನಲ್ಲಿ ಓಡಲು ಅವಕಾಶವೇ ಇಲ್ಲ.

ಡ್ರ್ಯಾಗ್ ರೇಸ್ ಎಂದರೇನು?

ನೇರ ರಸ್ತೆಯಲ್ಲಿ, ನಿಂತಲ್ಲಿಂದ ಹೊರಟು, ನಿಗದಿತ ದೂರವನ್ನು ಯಾರು ಮೊದಲು ಮುಟ್ಟುತ್ತಾರೆ ಎಂಬ ಸ್ಪರ್ಧೆಯೇ ಡ್ರ್ಯಾಗ್ ರೇಸ್. ಸಾಮಾನ್ಯ ದೂರ ಕಾಲು ಮೈಲಿ, ಅಂದರೆ 1320 ಅಡಿ ಅಥವಾ ಸುಮಾರು 402 ಮೀಟರ್. ಕೆಲವೆಡೆ ಅದರ ಅರ್ಧ, ಸುಮಾರು 201 ಮೀಟರ್ ಓಟವೂ ಇರುತ್ತದೆ. ಆರಂಭದ ಗೆರೆಯ ಬಳಿ ನಿಲ್ಲಿಸಿರುವ ದೀಪದ ಕಂಬಕ್ಕೆ 'ಕ್ರಿಸ್‌ಮಸ್ ಟ್ರೀ' ಎಂದು ಹೆಸರು. ಹಳದಿ ದೀಪಗಳು ಹೊತ್ತಿ, ಕೊನೆಗೆ ಹಸಿರು ಬಂದಾಗ ಹೊರಡಬೇಕು. ಮೊದಲೇ ಹೊರಟರೆ ಕೆಂಪು ದೀಪ ಬೀಳುತ್ತದೆ, ಆ ಓಟ ಹೋದಂತೆಯೇ.

ಈ ಆಟ ಸಂಘಟಿತ ರೂಪ ಪಡೆದದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಎರಡನೇ ಮಹಾಯುದ್ಧದ ನಂತರ ಅಲ್ಲಿನ ಯುವಕರು ಸಾರ್ವಜನಿಕ ರಸ್ತೆಗಳಲ್ಲೇ ರೇಸ್ ನಡೆಸುತ್ತಿದ್ದರು. ಅಪಘಾತ, ಪೊಲೀಸ್ ಕೇಸು, ಊರವರ ಸಿಟ್ಟು ಎಲ್ಲವೂ ಇತ್ತು. ಹುಡುಗರನ್ನು ರಸ್ತೆಯಿಂದ ಟ್ರ್ಯಾಕಿಗೆ ತರಬೇಕು ಎಂಬ ಉದ್ದೇಶದಿಂದ ವಾಲಿ ಪಾರ್ಕ್ಸ್ 1951ರಲ್ಲಿ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್, ಅಂದರೆ ಎನ್‌ಎಚ್‌ಆರ್‌ಎ ಸ್ಥಾಪಿಸಿದರು. 1954ರಲ್ಲಿ ಆ ಸಂಸ್ಥೆಯ ಒಂದು ಸಣ್ಣ ತಂಡ ಊರೂರು ಸುತ್ತಿ, ರೇಸನ್ನು ಸುರಕ್ಷಿತವಾಗಿ ನಡೆಸುವುದು ಹೇಗೆ ಎಂದು ಸ್ಥಳೀಯ ಕ್ಲಬ್‌ಗಳಿಗೆ ಕಲಿಸಿತು. ನಮ್ಮೂರಿನ ರಸ್ತೆಗಳಲ್ಲಿ ಇವತ್ತು ಕಾಣುವ ಸಮಸ್ಯೆಯನ್ನು ಅವರು 70 ವರ್ಷಗಳ ಹಿಂದೆಯೇ ಕಂಡಿದ್ದರು. ಅವರು ಕಂಡುಕೊಂಡ ಪರಿಹಾರ ಎರಡು: ಪ್ರತ್ಯೇಕ ಟ್ರ್ಯಾಕ್ ಮತ್ತು ಓಟಕ್ಕೆ ಮೊದಲು ವಾಹನದ ತಪಾಸಣೆ.

ಎನ್‌ಎಚ್‌ಆರ್‌ಎಯಲ್ಲಿ ಪ್ರೊ ಸ್ಟಾಕ್ ಮೋಟಾರ್‌ಸೈಕಲ್ ಎಂಬ ವಿಭಾಗ 1987ರಿಂದ ಇದೆ. ಇಂದು ಈ ಬೈಕುಗಳು ಕಾಲು ಮೈಲಿಯನ್ನು ಏಳು ಸೆಕೆಂಡಿಗಿಂತ ಕಡಿಮೆ ಸಮಯದಲ್ಲಿ ಮುಗಿಸುತ್ತವೆ, ಗೆರೆ ದಾಟುವಾಗ ವೇಗ ಗಂಟೆಗೆ 320 ಕಿ.ಮೀ. ಆಸುಪಾಸು. ಇದೇ ವಿಭಾಗದಲ್ಲಿ ಆಂಜೆಲ್ ಸ್ಯಾಂಪಿ ಎಂಬ ಮಹಿಳೆ 2000, 2001 ಮತ್ತು 2002ರಲ್ಲಿ ಸತತ ಮೂರು ಬಾರಿ ಚಾಂಪಿಯನ್ ಆಗಿದ್ದರು. ಇಂಗ್ಲೆಂಡಿನಲ್ಲಿ ಸಾಂಟಾ ಪಾಡ್ ಎಂಬ ಹೆಸರಾಂತ ಡ್ರ್ಯಾಗ್ ಟ್ರ್ಯಾಕ್ ಇದೆ. ಅಂತಾರಾಷ್ಟ್ರೀಯ ಮಟ್ಟದಲ್ಲಿ ಮೋಟಾರ್‌ಸೈಕಲ್ ಕ್ರೀಡೆಗಳ ನಿಯಮ ರೂಪಿಸುವ ಸಂಸ್ಥೆ ಎಫ್‌ಐಎಂ. ನಮ್ಮ ದೇಶದಲ್ಲಿ ಆ ಹೊಣೆ ಫೆಡರೇಷನ್ ಆಫ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಸ್ ಆಫ್ ಇಂಡಿಯಾ, ಅಂದರೆ ಎಫ್‌ಎಂಎಸ್‌ಸಿಐ ಸಂಸ್ಥೆಯದ್ದು. ಚೆನ್ನೈ ಸಮೀಪದ ಇರುಂಗಾಟ್ಟುಕೋಟೈ ಟ್ರ್ಯಾಕಿನಲ್ಲಿ ರಾಷ್ಟ್ರೀಯ ಡ್ರ್ಯಾಗ್ ರೇಸ್ ಸ್ಪರ್ಧೆಗಳು ನಡೆದಿವೆ. ಬೆಂಗಳೂರಿನ ಹೇಮಂತ್ ಮುದ್ದಪ್ಪ ಹಲವು ಬಾರಿ ರಾಷ್ಟ್ರೀಯ ಚಾಂಪಿಯನ್ ಆಗಿರುವುದು ಬೈಕ್ ಪ್ರಿಯರಿಗೆ ಗೊತ್ತೇ ಇದೆ.

ನಿಲ್ಲಿಸುವುದರ ಲೆಕ್ಕ

ವೇಗ ಎರಡು ಪಟ್ಟಾದರೆ ಬ್ರೇಕಿಗೆ ಎರಡು ಪಟ್ಟು ಕೆಲಸ ಅಂತ ಹಲವರು ಅಂದುಕೊಂಡಿದ್ದಾರೆ. ಅದು ತಪ್ಪು. ಚಲಿಸುವ ವಸ್ತುವಿನ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು. ವೇಗ 80ರಿಂದ 320 ಕಿ.ಮೀ.ಗೆ ಹೋದರೆ ವೇಗ ನಾಲ್ಕು ಪಟ್ಟು, ಶಕ್ತಿ 16 ಪಟ್ಟು. ಬೈಕ್ ಮತ್ತು ಸವಾರ ಸೇರಿ 300 ಕೆ.ಜಿ. ಅಂತಿಟ್ಟುಕೊಳ್ಳಿ. 320 ಕಿ.ಮೀ. ವೇಗದಲ್ಲಿ ಅದರಲ್ಲಿರುವ ಶಕ್ತಿ ಸುಮಾರು ನಾಲ್ಕು ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಸಾಕು. ಇದರಲ್ಲಿ ಒಂದು ಪಾಲನ್ನು ಎದುರುಗಾಳಿ ತಡೆದುಕೊಳ್ಳುತ್ತದೆ. ಉಳಿದದ್ದರಲ್ಲಿ ಹೆಚ್ಚಿನದು ಡಿಸ್ಕ್ ಮತ್ತು ಪ್ಯಾಡ್‌ಗಳಲ್ಲಿ ಬಿಸಿಯಾಗಿ ಹೋಗಬೇಕು.

ಇನ್ನು ದೂರದ ಲೆಕ್ಕ ನೋಡೋಣ. ಬ್ರೇಕ್ ಚೆನ್ನಾಗಿದ್ದು, ರಸ್ತೆ ಒಣಗಿದ್ದು, ಪ್ರತಿ ಸೆಕೆಂಡಿಗೆ ವೇಗ ಸುಮಾರು 28 ಕಿ.ಮೀ.ನಷ್ಟು ಇಳಿಯುತ್ತದೆ ಎಂದು ಇಟ್ಟುಕೊಳ್ಳೋಣ. ಅಪಾಯ ಕಂಡು ಕೈ ಬ್ರೇಕಿಗೆ ಹೋಗಲು ಒಂದು ಸೆಕೆಂಡ್ ಸೇರಿಸೋಣ. ಆಗ ಪೂರ್ತಿ ನಿಲ್ಲಲು ಬೇಕಾಗುವ ದೂರ ಹೀಗಿರುತ್ತದೆ:

60 ಕಿ.ಮೀ. ವೇಗದಲ್ಲಿ: ಸುಮಾರು 34 ಮೀಟರ್
100 ಕಿ.ಮೀ. ವೇಗದಲ್ಲಿ: ಸುಮಾರು 77 ಮೀಟರ್
150 ಕಿ.ಮೀ. ವೇಗದಲ್ಲಿ: ಸುಮಾರು 152 ಮೀಟರ್
200 ಕಿ.ಮೀ. ವೇಗದಲ್ಲಿ: ಸುಮಾರು 252 ಮೀಟರ್

ಬ್ರೇಕಿನ ಬಲ ಅರ್ಧಕ್ಕೆ ಇಳಿದಿದ್ದರೆ 100 ಕಿ.ಮೀ. ವೇಗದಲ್ಲೇ 126 ಮೀಟರ್ ಬೇಕು. ಅಡ್ಡ ಬರುವ ಆಟೋ, ರಸ್ತೆ ದಾಟುವ ಮಗು, ತಿರುವಿನಲ್ಲಿ ನಿಂತ ಲಾರಿ ಇವ್ಯಾವುವೂ ಅಷ್ಟು ಜಾಗ ಕೊಡುವುದಿಲ್ಲ.

ಟ್ರ್ಯಾಕಿನಲ್ಲಿ ಈ ಜಾಗ ಲೆಕ್ಕ ಹಾಕಿಯೇ ಇಟ್ಟಿರುತ್ತಾರೆ. ಅಂತಿಮ ಗೆರೆಯ ನಂತರ ವೇಗ ಇಳಿಸಲೆಂದೇ ಉದ್ದನೆಯ ಖಾಲಿ ರಸ್ತೆ ಇರುತ್ತದೆ. ದೊಡ್ಡ ಟ್ರ್ಯಾಕ್‌ಗಳಲ್ಲಿ ಅದರ ತುದಿಯಲ್ಲಿ ಮರಳಿನ ಹಾಸು, ಬಲೆ ಸಹ ಇರುತ್ತವೆ. ಅಷ್ಟಿದ್ದೂ ಸಾಲದ ಸಂದರ್ಭಗಳಿವೆ. 2008ರ ಜೂನ್ 21ರಂದು ಅಮೆರಿಕದ ನ್ಯೂಜೆರ್ಸಿಯ ಇಂಗ್ಲಿಷ್‌ಟೌನ್‌ನಲ್ಲಿ ಹೆಸರಾಂತ ಚಾಲಕ ಸ್ಕಾಟ್ ಕಲಿಟ್ಟಾ ಅವರ ಕಾರಿನ ಎಂಜಿನ್ ಓಟದ ಕೊನೆಯಲ್ಲಿ ಸ್ಫೋಟಗೊಂಡಿತು. ಕಾರು ನಿಲ್ಲದೆ ಟ್ರ್ಯಾಕಿನ ತುದಿ ದಾಟಿ ಹೋಯಿತು, ಅವರು ಮೃತಪಟ್ಟರು. ಆ ಬಳಿಕ ಎನ್‌ಎಚ್‌ಆರ್‌ಎ ತನ್ನ ಅತಿ ವೇಗದ ಎರಡು ಕಾರು ವಿಭಾಗಗಳ ಓಟವನ್ನು 1320 ಅಡಿಯಿಂದ 1000 ಅಡಿಗೆ ಇಳಿಸಿತು. ದಶಕಗಳಿಂದ ನಡೆದು ಬಂದ ಕಾಲು ಮೈಲಿಯ ಸಂಪ್ರದಾಯವನ್ನೇ ನಿಲ್ಲಿಸುವ ಜಾಗಕ್ಕಾಗಿ ಬಿಟ್ಟುಕೊಟ್ಟರು. ಅಂಥ ಕಾರುಗಳಿಗೆ ವೇಗ ತಗ್ಗಿಸಲು ಪ್ಯಾರಾಚೂಟ್ ಆದರೂ ಇರುತ್ತದೆ. ಪ್ರೊ ಸ್ಟಾಕ್ ಬೈಕ್ ಸವಾರ ನಂಬಬೇಕಾದ್ದು ಎರಡು ಚಕ್ರದ ಬ್ರೇಕುಗಳನ್ನು ಮತ್ತು ತನ್ನ ಕೈಕಾಲುಗಳನ್ನು.

ಬ್ರೇಕಿಗೆ ಇರುವ ಮುಖ್ಯ ಷರತ್ತುಗಳು

ಸಂಸ್ಥೆ, ವಿಭಾಗ, ವರ್ಷಕ್ಕೆ ತಕ್ಕಂತೆ ನಿಯಮ ಪುಸ್ತಕದ ಅಳತೆಗಳು ಬದಲಾಗುತ್ತವೆ. ಆದರೆ ತಪಾಸಣೆಯವರು ನೋಡುವ ಮೂಲ ಸಂಗತಿಗಳು ಹೆಚ್ಚು ಕಡಿಮೆ ಎಲ್ಲ ಕಡೆ ಒಂದೇ.

ಎರಡೂ ಚಕ್ರಕ್ಕೆ ಬ್ರೇಕ್: ಮುಂದೆ ಒಂದು, ಹಿಂದೆ ಒಂದು, ಎರಡೂ ಪೂರ್ಣವಾಗಿ ಕೆಲಸ ಮಾಡಬೇಕು. ತೂಕ ಇಳಿಸಲೆಂದು ಒಂದು ಬ್ರೇಕನ್ನು ಬಿಚ್ಚಿಡುವಂತಿಲ್ಲ. ಒಂದು ಕೈಕೊಟ್ಟರೆ ಇನ್ನೊಂದು ಇರಲಿ ಎಂಬುದೇ ಇದರ ಉದ್ದೇಶ.

ಡಿಸ್ಕ್: ಬಿರುಕು ಇರಬಾರದು, ಸೊಟ್ಟಗಾಗಿರಬಾರದು. ಪ್ರತಿ ಡಿಸ್ಕಿನ ಮೇಲೆ ಕನಿಷ್ಠ ದಪ್ಪ ಎಷ್ಟಿರಬೇಕೆಂದು ಕಂಪನಿ ಕೆತ್ತಿರುತ್ತದೆ. ಸವೆದು ಅದಕ್ಕಿಂತ ತೆಳುವಾದರೆ ಬದಲಾಯಿಸಲೇಬೇಕು. ಹಗುರ ಮಾಡಲು ಸ್ಥಳೀಯ ವರ್ಕ್‌ಶಾಪಿನಲ್ಲಿ ಹೆಚ್ಚುವರಿ ತೂತು ಕೊರೆಸುವುದು ಅಪಾಯಕಾರಿ. ಬಿಸಿ ಏರಿದಾಗ ಬಿರುಕು ಆರಂಭವಾಗುವುದು ಆ ತೂತುಗಳ ಅಂಚಿನಲ್ಲೇ.

ಪ್ಯಾಡ್: ಸವೆತದ ಗುರುತು ಮುಟ್ಟಿರಬಾರದು, ಎಣ್ಣೆ ತಾಗಿರಬಾರದು. ಚೈನಿಗೆ ಹೊಡೆಯುವ ಸ್ಪ್ರೇ ಹಾರಿ ಹಿಂದಿನ ಡಿಸ್ಕಿಗೆ ಬಿದ್ದರೂ ಸಾಕು, ಬ್ರೇಕಿನ ಹಿಡಿತ ಹೋಗುತ್ತದೆ.

ಹೋಸ್: ಬ್ರೇಕ್ ಎಣ್ಣೆ ಹೋಗುವ ಪೈಪಿನಲ್ಲಿ ಸೋರಿಕೆ, ಉಬ್ಬು, ಉಜ್ಜಿದ ಗುರುತು ಇರಬಾರದು. ಹ್ಯಾಂಡಲನ್ನು ಎಡ ತುದಿಯಿಂದ ಬಲ ತುದಿಗೆ ತಿರುಗಿಸಿದರೂ ಹೋಸ್ ಎಳೆಯಬಾರದು, ಎಲ್ಲಿಯೂ ಸಿಕ್ಕಿಕೊಳ್ಳಬಾರದು.

ಲಿವರ್: ಎಫ್‌ಐಎಂ ನಿಯಮದಂತೆ ಬ್ರೇಕ್ ಮತ್ತು ಕ್ಲಚ್ ಲಿವರಿನ ತುದಿಯಲ್ಲಿ ಕನಿಷ್ಠ 16 ಮಿ.ಮೀ. ವ್ಯಾಸದ ಗುಂಡು ಇರಬೇಕು. ಬಿದ್ದಾಗ ಚೂಪಾದ ತುದಿ ಮೈಗೆ ಚುಚ್ಚಬಾರದು ಎಂಬ ಕಾರಣಕ್ಕೆ ಈ ನಿಯಮ.

ಬ್ರೇಕ್ ಎಣ್ಣೆ: ಡಾಟ್ 3 ದರ್ಜೆಯ ಹೊಸ ಎಣ್ಣೆಯ ಕುದಿಯುವ ಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್, ಡಾಟ್ 4ರದ್ದು 230, ಡಾಟ್ 5.1ರದ್ದು 260. ಆದರೆ ಇವು ಗಾಳಿಯ ತೇವವನ್ನು ಹೀರಿಕೊಳ್ಳುತ್ತವೆ. ತೇವ ಸೇರಿದ ಡಾಟ್ 4ರ ಕನಿಷ್ಠ ಮಿತಿ 155 ಡಿಗ್ರಿ ಮಾತ್ರ. ಎಣ್ಣೆ ಕುದಿದರೆ ಒಳಗೆ ಆವಿಯ ಗುಳ್ಳೆ ಏಳುತ್ತದೆ. ಲಿವರ್ ಒತ್ತಿದರೆ ಗುಳ್ಳೆ ಅದುಮುತ್ತದೆಯೇ ಹೊರತು ಪ್ಯಾಡ್ ಡಿಸ್ಕನ್ನು ಹಿಡಿಯುವುದಿಲ್ಲ. ಮಂಗಳೂರು, ಮಂಜೇಶ್ವರ, ಕಾಸರಗೋಡಿನಂಥ ಕರಾವಳಿಯಲ್ಲಿ, ಅದರಲ್ಲೂ ಮಳೆಗಾಲದಲ್ಲಿ, ಗಾಳಿಯಲ್ಲಿ ತೇವ ಹೆಚ್ಚು. ಆದ್ದರಿಂದ ಇಲ್ಲಿನವರು ಬ್ರೇಕ್ ಎಣ್ಣೆ ಬದಲಾಯಿಸುವ ಅವಧಿಯನ್ನು ಮರೆಯಲೇಬಾರದು.

ಮಾರ್ಪಾಡು ಮಾಡಿದ ಬೈಕಿನಲ್ಲಿ ವಿಶೇಷ ಗಮನ

ಡ್ರ್ಯಾಗ್ ಬೈಕ್ ಉದ್ದ ಮತ್ತು ತಗ್ಗಾಗಿರುತ್ತದೆ. ಹೊರಡುವಾಗ ಮುಂದಿನ ಚಕ್ರ ಏಳದಿರಲೆಂದು ಹಿಂದಿನ ಸ್ವಿಂಗ್ ಆರ್ಮ್ ಉದ್ದ ಮಾಡುತ್ತಾರೆ, ಮುಂದಿನ ಫೋರ್ಕನ್ನು ಪಟ್ಟಿ ಕಟ್ಟಿ ತಗ್ಗಿಸುತ್ತಾರೆ. ಈ ಎರಡೂ ಕೆಲಸ ಬ್ರೇಕಿನ ಮೇಲೆ ಪರಿಣಾಮ ಬೀರುತ್ತವೆ.

ಸ್ವಿಂಗ್ ಆರ್ಮ್ ಉದ್ದವಾದಾಗ ಹಿಂದಿನ ಬ್ರೇಕ್ ಹೋಸ್ ಸಾಲುವುದಿಲ್ಲ. ಸರಿಯಾದ ಉದ್ದದ ಹೊಸ ಹೋಸ್ ಹಾಕಿ, ಟಯರಿಗೂ ಚೈನಿಗೂ ತಾಗದಂತೆ ಬಿಗಿದಿರಬೇಕು. ಕ್ಯಾಲಿಪರನ್ನು ಹಿಡಿದಿಡುವ ಬ್ರಾಕೆಟ್ ಗಟ್ಟಿಯಾಗಿರಬೇಕು. ಅದು ಕಳಚಿದರೆ ಕ್ಯಾಲಿಪರ್ ಚಕ್ರದ ಜೊತೆಗೇ ತಿರುಗಿ ಚಕ್ರ ಲಾಕ್ ಆಗಬಹುದು. ಫೋರ್ಕ್ ತಗ್ಗಿಸಿದ ಬೈಕಿನಲ್ಲಿ, ಬ್ರೇಕ್ ಹಿಡಿದು ಮುಂಭಾಗ ಪೂರ್ತಿ ಕುಗ್ಗಿದಾಗ ಟಯರ್ ಬೇರೆ ಯಾವ ಭಾಗಕ್ಕೂ ತಾಗುವುದಿಲ್ಲ ಎಂದು ನೋಡಬೇಕು.

ಸಾಮಾನ್ಯ ಬೈಕಿನಲ್ಲಿ ಜೋರಾಗಿ ಬ್ರೇಕ್ ಹಿಡಿದರೆ ಭಾರ ಮುಂದಕ್ಕೆ ಬೀಳುತ್ತದೆ, ಹಾಗಾಗಿ ಮುಂದಿನ ಬ್ರೇಕ್ ಹೆಚ್ಚಿನ ಕೆಲಸ ಮಾಡುತ್ತದೆ. ಉದ್ದ ಮತ್ತು ತಗ್ಗಿನ ಬೈಕಿನಲ್ಲಿ ಭಾರ ಅಷ್ಟಾಗಿ ಮುಂದಕ್ಕೆ ಬರುವುದಿಲ್ಲ. ಹಿಂದಿನ ಬ್ರೇಕಿನ ಪಾಲು ಹೆಚ್ಚಾಗುತ್ತದೆ, ಮುಂದಿನ ಚಕ್ರ ಬೇಗ ಜಾರುವ ಸಾಧ್ಯತೆಯೂ ಇರುತ್ತದೆ. ಆದ್ದರಿಂದ ಅನುಭವಿ ಸವಾರರು ಗೆರೆ ದಾಟಿದ ಕೂಡಲೇ ಲಿವರನ್ನು ಗಬಕ್ಕನೆ ಹಿಡಿಯುವುದಿಲ್ಲ. ಥ್ರಾಟಲ್ ಬಿಟ್ಟು, ಬೈಕನ್ನು ನೇರವಾಗಿಟ್ಟು, ಎರಡೂ ಬ್ರೇಕನ್ನು ಹಂತ ಹಂತವಾಗಿ ಒತ್ತುತ್ತಾರೆ.

ಬ್ರೇಕಿನ ಜೊತೆ ನೋಡುವ ಇತರ ಸಂಗತಿಗಳು

ಸವಾರ ಬಿದ್ದರೆ ಎಂಜಿನ್ ತಾನಾಗಿ ನಿಲ್ಲಬೇಕು. ಇದಕ್ಕಾಗಿ ಸವಾರನ ಮೈಗೆ ಕಟ್ಟಿದ ಒಂದು ಹಗ್ಗ ಬೈಕಿನ ಕಿಲ್ ಸ್ವಿಚ್‌ಗೆ ಜೋಡಣೆಯಾಗಿರುತ್ತದೆ. ಹಗ್ಗ ಕಿತ್ತರೆ ಎಂಜಿನ್ ಬಂದ್. ಥ್ರಾಟಲಿನಿಂದ ಕೈ ತೆಗೆದರೆ ಅದು ತಕ್ಷಣ ಮುಚ್ಚಿಕೊಳ್ಳಬೇಕು. ಥ್ರಾಟಲ್ ಸಿಕ್ಕಿಕೊಂಡರೆ ಎಂಥ ಬ್ರೇಕೂ ಎಂಜಿನ್ ಜೊತೆ ಗುದ್ದಾಡಬೇಕಾಗುತ್ತದೆ.

ಚೈನಿಗೆ ಗಾರ್ಡ್ ಇರಬೇಕು. ತುಂಡಾದ ಚೈನ್ ಕಾಲಿಗೆ ಬಡಿಯಬಹುದು, ಹಿಂದಿನ ಚಕ್ರಕ್ಕೆ ಸಿಕ್ಕಿಕೊಳ್ಳಬಹುದು. ಎಂಜಿನ್ ಎಣ್ಣೆ ಹಿಂದಿನ ಟಯರಿಗೆ ಬಿದ್ದರೆ ಬ್ರೇಕ್ ಇದ್ದೂ ಉಪಯೋಗವಿಲ್ಲ. ಹಾಗಾಗಿ ಡ್ರೈನ್ ಬೋಲ್ಟ್‌ಗಳನ್ನು ತಂತಿಯಿಂದ ಬಿಗಿಯುವುದು, ಎಂಜಿನ್ ಕೆಳಗೆ ಎಣ್ಣೆ ಹಿಡಿಯುವ ತಟ್ಟೆ ಇಡುವುದು ರೂಢಿಯಲ್ಲಿದೆ. ವೀಲಿ ಬಾರ್ ಇದ್ದರೆ ಅದರ ವೆಲ್ಡಿಂಗ್, ಸ್ಟೀರಿಂಗ್ ಬೇರಿಂಗ್, ಚಕ್ರದ ಬೇರಿಂಗ್, ಟಯರಿನ ಸ್ಥಿತಿ, ವಾಲ್ವ್ ಕ್ಯಾಪ್ ಎಲ್ಲವನ್ನೂ ನೋಡುತ್ತಾರೆ.

ಸವಾರನ ಹೆಲ್ಮೆಟ್, ಚರ್ಮದ ಸೂಟ್, ಕೈಗವಸು, ಪಾದದ ಗಂಟು ಮುಚ್ಚುವ ಬೂಟು ಕೂಡ ತಪಾಸಣೆಗೆ ಒಳಪಡುತ್ತವೆ. ಅಮೆರಿಕದಲ್ಲಿ ರೇಸ್ ಹೆಲ್ಮೆಟ್‌ಗಳ ಮೇಲೆ ಕಾಣುವ ಸ್ನೆಲ್ ಮುದ್ರೆಗೆ ಆ ಹೆಸರು ಬಂದದ್ದು 1956ರಲ್ಲಿ ರೇಸಿನಲ್ಲಿ ತಲೆಗೆ ಪೆಟ್ಟಾಗಿ ಮೃತಪಟ್ಟ ಪೀಟ್ ಸ್ನೆಲ್ ಎಂಬ ಚಾಲಕನಿಂದ. ಮರು ವರ್ಷವೇ ಅವರ ನೆನಪಿನಲ್ಲಿ ಹೆಲ್ಮೆಟ್ ಪರೀಕ್ಷಿಸುವ ಸಂಸ್ಥೆ ಹುಟ್ಟಿಕೊಂಡಿತು.

ತಪಾಸಣೆ ನಡೆಯುವ ಬಗೆ

ರೇಸಿನವರ ಭಾಷೆಯಲ್ಲಿ ಇದಕ್ಕೆ ಸ್ಕ್ರೂಟಿನಿ ಅಥವಾ ಟೆಕ್ ಎನ್ನುತ್ತಾರೆ. ಮೊದಲು ಕಾಗದ: ಸ್ಪರ್ಧಾ ಲೈಸೆನ್ಸ್, ಪ್ರವೇಶ ಪತ್ರ, ಬೈಕಿನ ವಿವರ. ನಂತರ ಬೈಕನ್ನು ನಿಲ್ಲಿಸಿ, ಕಣ್ಣಿನಿಂದ ನೋಡಿ, ಕೈಯಿಂದ ಅಲ್ಲಾಡಿಸಿ ಪರೀಕ್ಷೆ. ಚಕ್ರ ತಿರುಗಿಸಿ ಬ್ರೇಕ್ ಹಿಡಿಸುತ್ತಾರೆ, ಬಿಟ್ಟಾಗ ಚಕ್ರ ಸಲೀಸಾಗಿ ತಿರುಗುತ್ತದೆಯೇ ನೋಡುತ್ತಾರೆ. ಎಂಜಿನ್ ಚಾಲೂ ಮಾಡಿಸಿ ಕಿಲ್ ಸ್ವಿಚ್ ಎಳೆಸುತ್ತಾರೆ.

ಪಾಸಾದರೆ ಸ್ಟಿಕ್ಕರ್ ಅಥವಾ ಸಹಿ ಸಿಗುತ್ತದೆ. ಅದಿಲ್ಲದ ಬೈಕ್ ಟ್ರ್ಯಾಕಿಗೆ ಇಳಿಯುವಂತಿಲ್ಲ. ದೋಷ ಕಂಡರೆ ಸರಿಪಡಿಸಿ ಮತ್ತೆ ತೋರಿಸಬೇಕು. ಬಿದ್ದ ಬೈಕಿಗೆ ಮತ್ತೊಮ್ಮೆ ತಪಾಸಣೆ ಆಗಬೇಕು. ತಪಾಸಕರು ಬೇಡ ಎಂದರೆ ಬೇಡ. ಅಲ್ಲಿ ಶಿಫಾರಸು ನಡೆಯುವುದಿಲ್ಲ, ದೂರದಿಂದ ಬಂದಿದ್ದೇನೆ ಎಂಬ ಮಾತಿಗೂ ಬೆಲೆ ಇಲ್ಲ. ಸ್ಕ್ರೂಟಿನಿಯಲ್ಲಿ ಫೇಲಾಗುವುದು ನಾಚಿಕೆಯ ಸಂಗತಿಯೂ ಅಲ್ಲ. ನಿಂತಿದ್ದಾಗಲೇ ಸಿಕ್ಕಿದ ದೋಷ ಓಡುವಾಗ ಸಿಗುವುದಿಲ್ಲ, ಅಷ್ಟೇ.

ರಸ್ತೆಯಲ್ಲಿ ರೇಸ್: ಕಾನೂನು ಏನು ಹೇಳುತ್ತದೆ?

ರಾಷ್ಟ್ರೀಯ ಹೆದ್ದಾರಿ 66 ಅಗಲವಾದಂತೆ ರಾತ್ರಿ ಹೊತ್ತು ವೇಗ ಪರೀಕ್ಷಿಸುವ ಆಸೆಯೂ ಬೆಳೆಯುತ್ತಿದೆ. ಆದರೆ ಅಲ್ಲಿ ಮೇಲೆ ಹೇಳಿದ ಯಾವುದೂ ಇಲ್ಲ. ನಿಲ್ಲಿಸುವ ಜಾಗ, ತಪಾಸಕ, ಕಾದು ನಿಂತ ಆಂಬುಲೆನ್ಸ್, ಮುಚ್ಚಿದ ರಸ್ತೆ ಒಂದೂ ಇಲ್ಲ. ಎದುರಿಗೆ ಬರುವವನಿಗೆ ಇಲ್ಲಿ ರೇಸ್ ನಡೆಯುತ್ತಿದೆ ಎಂದೇ ಗೊತ್ತಿರುವುದಿಲ್ಲ.

ಮೋಟಾರು ವಾಹನ ಕಾಯ್ದೆಯ 189ನೇ ಕಲಂ ಪ್ರಕಾರ, ಸರ್ಕಾರದ ಲಿಖಿತ ಅನುಮತಿ ಇಲ್ಲದೆ ಸಾರ್ವಜನಿಕ ಸ್ಥಳದಲ್ಲಿ ರೇಸ್ ಮಾಡುವುದು ಅಪರಾಧ. 2019ರ ತಿದ್ದುಪಡಿಯ ಬಳಿಕ ಮೊದಲ ಬಾರಿಗೆ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂ.ವರೆಗೆ ದಂಡ ಅಥವಾ ಎರಡೂ ಆಗಬಹುದು. ಮತ್ತೆ ಸಿಕ್ಕಿಬಿದ್ದರೆ ಜೈಲು ಒಂದು ವರ್ಷದವರೆಗೆ, ದಂಡ 10,000 ರೂ. ಕಾನೂನಿಗೆ ವಿರುದ್ಧವಾಗಿ ವಾಹನ ಮಾರ್ಪಾಡು ಮಾಡಿದ ಮಾಲೀಕರ ಮೇಲೆ ಬೇರೆಯೇ ಕಲಂ ಇದೆ. ಅಪ್ರಾಪ್ತ ವಯಸ್ಕರು ವಾಹನ ಓಡಿಸಿ ಅಪರಾಧ ಮಾಡಿದರೆ 199ಎ ಕಲಂ ಅಡಿ ಪೋಷಕರು ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು ಮತ್ತು 25,000 ರೂ. ದಂಡ ವಿಧಿಸಬಹುದು, ವಾಹನದ ನೋಂದಣಿ 12 ತಿಂಗಳು ರದ್ದಾಗಬಹುದು, ಆ ಹುಡುಗನಿಗೆ 25 ವರ್ಷ ತುಂಬುವ ತನಕ ಲೈಸೆನ್ಸ್ ಸಿಗುವುದಿಲ್ಲ. ಗಲ್ಫಿನಲ್ಲಿ ದುಡಿಯುವ ತಂದೆ ಮಗನ ಹಟಕ್ಕೆ ಮಣಿದು ಬೈಕ್ ತೆಗೆಸಿಕೊಡುವ ಮುನ್ನ ಇದನ್ನೂ ತಿಳಿದಿರಲಿ. ಇನ್ನೊಂದು ಮಾತು: ಸಾಮಾನ್ಯ ವಾಹನ ವಿಮೆಯ ಷರತ್ತುಗಳಲ್ಲಿ ರೇಸ್ ಮತ್ತು ವೇಗ ಪರೀಕ್ಷೆಯ ಬಳಕೆಯನ್ನು ಹೊರಗಿಟ್ಟಿರುತ್ತಾರೆ.

2019ರ ಏಪ್ರಿಲ್‌ನಿಂದ 125 ಸಿಸಿ ಮೇಲ್ಪಟ್ಟ ಹೊಸ ಬೈಕುಗಳಿಗೆ ಎಬಿಎಸ್ ಕಡ್ಡಾಯವಾಗಿದೆ. ಸ್ಟಂಟ್ ಮಾಡಲು ಅದರ ಫ್ಯೂಸ್ ಕಿತ್ತು, ಮತ್ತೆ ಹಾಕದೆ ಅದೇ ಬೈಕಿನಲ್ಲಿ ಕಾಲೇಜಿಗೆ ಹೋಗುವವರಿದ್ದಾರೆ. ಮಳೆಯಲ್ಲಿ ಚಕ್ರ ಲಾಕ್ ಆಗುವುದನ್ನು ತಡೆಯುವ ವ್ಯವಸ್ಥೆಯನ್ನು ನಾವಾಗಿಯೇ ಬಿಚ್ಚಿಟ್ಟಂತೆ ಇದು.

ಮನೆಯಲ್ಲೇ ಮಾಡಬಹುದಾದ ಹತ್ತು ನಿಮಿಷದ ಪರಿಶೀಲನೆ

ರೇಸಿಗೆ ಹೋಗದವರೂ ವಾರಕ್ಕೊಮ್ಮೆ ಇಷ್ಟನ್ನು ಮಾಡಬಹುದು.

1. ಮುಂದಿನ ಲಿವರನ್ನು ಗಟ್ಟಿಯಾಗಿ ಒತ್ತಿ ಅರ್ಧ ನಿಮಿಷ ಹಿಡಿಯಿರಿ. ಅದು ನಿಧಾನಕ್ಕೆ ಹಿಡಿಕೆಯತ್ತ ಇಳಿದರೆ ಎಲ್ಲೋ ಸೋರಿಕೆ ಇದೆ. ಸ್ಪಂಜಿನಂತೆ ಮೆತ್ತಗಿದ್ದರೆ ಒಳಗೆ ಗಾಳಿ ಸೇರಿರಬಹುದು.
2. ಎಣ್ಣೆಯ ಮಟ್ಟ ಮತ್ತು ಬಣ್ಣ ನೋಡಿ. ಚಹಾದಂತೆ ಕಪ್ಪಾಗಿದ್ದರೆ ಬದಲಾಯಿಸಿ.
3. ಟಾರ್ಚ್ ಹಿಡಿದು ಪ್ಯಾಡಿನ ದಪ್ಪ ನೋಡಿ.
4. ಡಿಸ್ಕಿನ ಮೇಲೆ ಬಿರುಕು, ಆಳವಾದ ಗೆರೆ ಇದೆಯೇ ನೋಡಿ. ಓಡಿಸಿ ಬಂದ ಕೂಡಲೇ ಮುಟ್ಟಬೇಡಿ, ಕೈ ಸುಡುತ್ತದೆ.
5. ಹೋಸಿನ ಉದ್ದಕ್ಕೂ ಕೈಯಾಡಿಸಿ, ಹ್ಯಾಂಡಲ್ ಎರಡೂ ಕಡೆ ತಿರುಗಿಸಿ.
6. ಬೈಕನ್ನು ತಳ್ಳಿ, ಒಂದೊಂದೇ ಬ್ರೇಕ್ ಹಿಡಿದು ನೋಡಿ. ಬಿಟ್ಟ ಮೇಲೂ ಚಕ್ರ ಬಿಗಿಯಾಗಿದ್ದರೆ ಕ್ಯಾಲಿಪರ್ ತುಕ್ಕು ಹಿಡಿದಿರಬಹುದು. ಉಪ್ಪುಗಾಳಿಯ ಊರುಗಳಲ್ಲಿ ಇದು ಮಾಮೂಲಿ.
7. ಥ್ರಾಟಲ್ ತಿರುಗಿಸಿ ಬಿಡಿ. ತಟ್ಟನೆ ಮರಳಬೇಕು.

ಏನಾದರೂ ಅನುಮಾನ ಬಂದರೆ ಬ್ರೇಕನ್ನು ನೀವೇ ಬಿಚ್ಚಲು ಹೋಗಬೇಡಿ, ಅನುಭವಿ ಮೆಕ್ಯಾನಿಕ್‌ಗೆ ತೋರಿಸಿ.

ನಿಜಕ್ಕೂ ಈ ಕ್ರೀಡೆಯಲ್ಲಿ ಆಸಕ್ತಿ ಇರುವವರು ಎಫ್‌ಎಂಎಸ್‌ಸಿಐ ಮಾನ್ಯತೆ ಇರುವ ಸ್ಪರ್ಧೆಯನ್ನು ಹುಡುಕಲಿ, ಲೈಸೆನ್ಸ್ ಪಡೆಯಲಿ, ಆ ವರ್ಷದ ನಿಯಮ ಪುಸ್ತಕವನ್ನು ಬೈಕಿಗೆ ಕೈ ಹಾಕುವ ಮೊದಲೇ ಓದಲಿ. ಮೊದಲ ಬಾರಿ ಹೋಗುವಾಗ ಸ್ಪರ್ಧಿಸಲೇಬೇಕೆಂದಿಲ್ಲ. ಸ್ಕ್ರೂಟಿನಿ ನಡೆಯುವ ಜಾಗದ ಹತ್ತಿರ ಒಂದೆರಡು ಗಂಟೆ ನಿಂತು ನೋಡಿದರೂ ಸಾಕಷ್ಟು ಕಲಿಯಬಹುದು. ಅಲ್ಲಿ ಚಾಂಪಿಯನ್ ಸವಾರನೂ ಹೆಲ್ಮೆಟ್ ಕೈಯಲ್ಲಿ ಹಿಡಿದು ಸರದಿಯಲ್ಲಿ ನಿಂತಿರುತ್ತಾನೆ, ತನ್ನ ಬ್ರೇಕ್ ತೋರಿಸಲು.